ಕನ್ನಡಿ ಬಂದಿದ್ದ ಪೆಟ್ಟಿಗೆ

"ಬೇಯ್ಸೋದ ಯಾರು ಬೇಕಾದ್ರೂ ಬೇಯುಸ್ತಾರೆ ಕಣವ್ವ. ಇಡೋದ ಕಲೀಬೇಕು."

ಇದು ನಮ್ಮವ್ವನ ಮಾತು. ಇಡುವುದು ಎಂದರೆ ಅವಳ ಅರ್ಥದಲ್ಲಿ ಒಂದು ಪದಾರ್ಥವನ್ನು ವರ್ಷ ಕಳೆದರೂ ಕೆಡದ ಹಾಗೆ ಇಡುವುದು. ಚನ್ನರಾಯಪಟ್ಟಣದಲ್ಲಿ ನಮ್ಮದು ಎರಡಂಕಣದ ನಾಡಹೆಂಚಿನ ಮನೆ. ಮಣ್ಣಿನ ಗೋಡೆ, ಸಗಣಿ ಸಾರಿಸಿದ ನೆಲ. ಅಷ್ಟರಲ್ಲೇ ಅವ್ವ ಒಂದೊಂದಕ್ಕೂ ಒಂದೊಂದು ನೆಲೆ ಗೊತ್ತು ಮಾಡಿದ್ದಳು. ರಾಗಿ ಮೂಲೆಯ ವಾಡೆಗೆ, ಅಂದರೆ ನನ್ನ ಎದೆಯೆತ್ತರದ ಮಣ್ಣಿನ ಗುಡಾಣಕ್ಕೆ. ಹುರುಳಿ ಬೂದಿ ಬೆರೆಸಿ ಮಡಕೆಗೆ. ತೊಗರಿಗೆ ಕೆಮ್ಮಣ್ಣು ಸವರಿ ಒಣಗಿಸಬೇಕು. ಬೆಲ್ಲವನ್ನು ಮಾತ್ರ ತಗಡಿನ ಡಬ್ಬಕ್ಕೆ ಹಾಕಬಾರದು. ಹಾಕಿದರೆ ಮಳೆಗಾಲದಲ್ಲಿ ನೀರೊಡೆದು ಡಬ್ಬದ ಒಳಮೈಯೆಲ್ಲ ಹನಿಹನಿಯಾಗುತ್ತದೆ. ಮರದ ಸಾಮಾನು ಯಾವುದೂ ನೆಲ ಮುಟ್ಟಬಾರದು. ಅಡಿಗೆ ನಾಲ್ಕು ಕಲ್ಲು ಕೊಟ್ಟೇ ಇಡಬೇಕು, ಇಲ್ಲದಿದ್ದರೆ ಗೆದ್ದಲು ಹತ್ತುತ್ತದೆ. ಅವ್ವನಿಗೆ ಉಬ್ಬಸ. ಒಲೆಯ ಹೊಗೆಗೂ ಮೆಣಸಿನಕಾಯಿ ಘಾಟಿಗೂ ಅವಳ ಎದೆ ಗೊರಗೊರ ಎನ್ನುತ್ತಿತ್ತು. ಅದಕ್ಕೇ ನನ್ನನ್ನು ನಾಲ್ಕನೇ ಕ್ಲಾಸಿಗೆ ಸ್ಕೂಲು ಬಿಡಿಸಿದರು. ಮಿಕ್ಕ ನನ್ನ ಓದೆಲ್ಲ ಆದದ್ದು ಆ ಮಡಕೆ ಕುಡಿಕೆಗಳ ನಡುವೆ. ಹದಿನೈದಕ್ಕೆ ಬರುವ ಹೊತ್ತಿಗೆ ಈ ಒಂದು ವಿಷಯದಲ್ಲಿ ನಾನು ಪಾಸಾಗಿದ್ದೆ. ಅಕ್ಕಪಕ್ಕದ ಹೆಂಗಸರು ಹಪ್ಪಳದ ಡಬ್ಬಕ್ಕೆ ಏನು ಹಾಕಬೇಕು ಎಂದು ಕೇಳಲು ಬಂದರೆ ಅವ್ವ ನನ್ನ ಕಡೆ ಕೈ ತೋರಿಸುತ್ತಿದ್ದಳು.

ಇದನ್ನು ಮೊದಲೇ ಏಕೆ ಬರೆಯುತ್ತಿದ್ದೇನೆಂದರೆ, ನಾನು ಮಾಡಿದ ತಪ್ಪು ತಿಳಿಯದೆ ಆದದ್ದು ಎಂದು ಓದುವವರು ಅಂದುಕೊಳ್ಳಬಾರದು.

ಅಪ್ಪನಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಕಟಿಂಗ್ ಅಂಗಡಿ ಇತ್ತು. ಎರಡು ಮರದ ಕುರ್ಚಿ, ಕಾಯುವವರಿಗೆ ಒಂದು ಬೆಂಚು, ಬೆಂಚಿನ ಮೇಲೆ ವಾರಪತ್ರಿಕೆ. ತಮ್ಮ ಸರದಿ ಬರುವತನಕ ಜನ ಅದನ್ನು ತಿರುವಿ ಹಾಕುತ್ತಿದ್ದರು; ಕ್ಷೌರ ಮುಗಿದವರೂ ಸೋಪಿನ ಕೈಯಲ್ಲಿ ಮುಟ್ಟಿ ಮುಟ್ಟಿ ಹಾಳೆಗಳು ಒರಟಾಗಿ ಉಬ್ಬಿಕೊಳ್ಳುತ್ತಿದ್ದವು. ಅಂಗಡಿಯಲ್ಲಿ ಒಂದು ತಿಂಗಳು ದುಡಿದ ಮೇಲೆ ಆ ಪತ್ರಿಕೆಗಳು ಮನೆಗೆ ಬರುತ್ತಿದ್ದವು. ಬಂದದ್ದೆಲ್ಲ ನನ್ನ ತಮ್ಮ ನಂಜನಿಗೆ. ನನಗಿಂತ ನಾಲ್ಕು ವರ್ಷ ಚಿಕ್ಕವನು. ಪ್ರತಿ ಪತ್ರಿಕೆಯ ಕೊನೆಯಲ್ಲೂ ಒಂದು ಪುಟ ಚಿತ್ರಕಥೆ ಇರುತ್ತಿತ್ತು. ನಮ್ಮ ಮನೆಯಲ್ಲಿ ಅದಕ್ಕೆ ಬೊಂಬೆ ಕತೆ ಎನ್ನುತ್ತಿದ್ದೆವು. ಅಪ್ಪ ಕೂದಲಿಗೆ ಬಾರದೆಂದು ತೆಗೆದಿಟ್ಟ ಹಳೆಯ ಕತ್ತರಿಯಲ್ಲಿ ನಂಜ ಆ ಪುಟಗಳನ್ನು ಕತ್ತರಿಸಿ, ಹಿಂದಿನ ವಾರದ್ದರ ಕೆಳಗೆ ಜೋಡಿಸಿ, ಗೋಣಿ ಹೊಲಿಯುವ ದಬ್ಬಳದಲ್ಲಿ ತೂತು ಹಾಕಿ ಹೊಲಿಯುತ್ತಿದ್ದ. ಸೋಪಿನ ಡಬ್ಬದ ರಟ್ಟು ಅದಕ್ಕೆ ಹೊದಿಕೆ. ಅಪ್ಪನ ಗಿರಾಕಿಯೊಬ್ಬರು, ಮೇಷ್ಟ್ರು, ತಮ್ಮ ಮಕ್ಕಳು ಓದಿ ಬಿಟ್ಟ ಬಣ್ಣದ ಬೊಂಬೆ ಪುಸ್ತಕಗಳನ್ನೂ ಆಗಾಗ ಕೊಡುತ್ತಿದ್ದರು. ಎಲ್ಲ ಸೇರಿ ಮೂವತ್ತೊಂಬತ್ತು ಪುಸ್ತಕ. ಪ್ರತಿಯೊಂದರ ಬೆನ್ನಿಗೂ ನಂಬರು ಬರೆದಿದ್ದ. ಹದಿನೇಳನೆಯದು ಯಾರಿಗೋ ಕೊಟ್ಟು ವಾಪಸು ಬರದೆ ಮೂರು ದಿನ ಊಟ ಸರಿಯಾಗಿ ಮಾಡಿರಲಿಲ್ಲ. ಕೊನೆಗೆ ಅಪ್ಪನೇ ಆ ಹುಡುಗನ ಮನೆಗೆ ಹೋಗಿ ತಂದ.

ಆ ಪುಸ್ತಕಗಳನ್ನು ಮುಟ್ಟಬೇಕಾದರೆ ನಂಜನಿಗೆ ಕೈ ತೋರಿಸಬೇಕಿತ್ತು.

"ಕೈ ತೋರ್ಸಕ್ಕ."

"ತೊಳ್ಕೊಂಡೇ ಬಂದಿವ್ನಿ ಕಣ್ಲಾ."

"ತೊಳ್ದಿದೀಯ, ಒರುಸ್ಕೊಂಡಿಲ್ಲ. ಒದ್ದೆ ಐತೆ. ಅಪ್ಪನ್ ಗಿರಾಕಿಗಳಂಗೇ ಆಡ್ತೀಯ ನೀನೂವೆ."

ಸೀರೆಗೆ ಒರೆಸಿಕೊಂಡು ಮತ್ತೆ ತೋರಿಸಿದರೆ ಕೊಡುತ್ತಿದ್ದ. ನಾನು ಮರೆತೇಹೋಗಿದ್ದ ಅಕ್ಷರಗಳು ಮತ್ತೆ ಬಂದದ್ದು ಅಲ್ಲಿಂದ. ಬೇರೆ ಪುಸ್ತಕದಲ್ಲಿ ಸಾಲು ಶುರುವಾದರೆ ಮುಗಿಯುವುದೇ ಇಲ್ಲ; ಬೊಂಬೆ ಕತೆಯಲ್ಲಿ ಮಾತು ಒಂದು ಗುಳ್ಳೆಯೊಳಗೆ ಇರುತ್ತದೆ, ಮೂರು ಪದ, ನಾಲ್ಕು ಪದ. "ನಿಲ್ಲು, ಯಾರು ನೀನು?" ಅಷ್ಟೆ. ಅಷ್ಟನ್ನು ನಾನು ಕೂಡಿಸಿ ಓದಿ ಮುಗಿಸಬಲ್ಲವಳಾಗಿದ್ದೆ. ನಾನು ಅವರೆಕಾಯಿ ಸುಲಿಯುತ್ತಾ ಕುಳಿತರೆ ನಂಜ ಪುಸ್ತಕವನ್ನು ನನ್ನ ಮುಂದೆ ಹಿಡಿದು ಗುಳ್ಳೆಯ ಮೇಲೆ ಬೆರಳಿಡುತ್ತಿದ್ದ. ಕುದುರೆ ಸವಾರನ ಮಾತು ಅವನದು, ಒಕ್ಕಣ್ಣಿನ ಕಳ್ಳನ ಮಾತು ನನ್ನದು. ಓದುವಾಗ ತಪ್ಪಿದರೆ ನಗುತ್ತಿರಲಿಲ್ಲ. ಒಂದೇ ಒಂದು ಸಲ, ಗೆಳೆಯನೊಬ್ಬ ಮನೆಗೆ ಬಂದಿದ್ದಾಗ, "ಅಕ್ಕ ಬೊಂಬೆ ನೋಡ್ತಾಳೆ ಅಷ್ಟೆಯ, ಓದಕ್ಕೆ ಬರಾಕಿಲ್ಲ" ಎಂದಿದ್ದ. ಆ ಮಾತು ಚುಚ್ಚಿತ್ತು. ಮುಂದೆ ನಾನು ಮಾಡಿದ್ದಕ್ಕೆ ಅದೇ ಕಾರಣ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಕಾರಣವಲ್ಲ. ಕಾರಣ ಅದಕ್ಕಿಂತ ಸಣ್ಣದು.

ಪುಸ್ತಕಗಳು ಗೋಡೆಯ ಗೂಡಿನಲ್ಲಿ ಇರುತ್ತಿದ್ದವು. ಒಂದು ದಿನ ಬೆಳಿಗ್ಗೆ ನೋಡಿದರೆ ಇಲಿ ಐದನೇ ನಂಬರಿನ ಮೂಲೆಯನ್ನು ಕಡಿದು ಚೂರು ಚೂರು ಮಾಡಿತ್ತು. ನಂಜ ಆ ಚೂರುಗಳನ್ನೆಲ್ಲ ಆರಿಸಿ ಅಂಗೈಯಲ್ಲಿ ಇಟ್ಟುಕೊಂಡು ಅಪ್ಪನ ಮುಂದೆ ನಿಂತ.  ಅದೇ ಸಮಯಕ್ಕೆ ನಮ್ಮ ಮನೆಗೆ ಎರಡು ಪೆಟ್ಟಿಗೆ ಬಂದಿದ್ದವು. ಒಂದು, ಅಂಗಡಿಗೆ ಅಪ್ಪ ತರಿಸಿದ ದೊಡ್ಡ ಕನ್ನಡಿ ಬಂದಿದ್ದ ಮರದ ಪೆಟ್ಟಿಗೆ. ಕನ್ನಡಿ ಅಂಗಡಿ ಸೇರಿತ್ತು, ಹುಲ್ಲು ತುಂಬಿದ್ದ ಪೆಟ್ಟಿಗೆ ಮನೆ ಸೇರಿತ್ತು. ಇನ್ನೊಂದು, ಕ್ಷೌರದ ಕತ್ತಿ ಸಾಣೆ ಹಿಡಿಸಲು ಹಾಸನಕ್ಕೆ ಹೋಗಿದ್ದಾಗ ಅಪ್ಪ ಮನಸ್ಸಾಗಿ ತಂದ ತಗಡಿನ ಟ್ರಂಕು. ಎಲೆಹಸಿರು ಬಣ್ಣ, ಮುಚ್ಚಳದ ಮೇಲೆ ಎರಡು ಗಿಳಿ, ಮುಂದುಗಡೆ ಬೀಗದ ಚಿಲಕ. ಯಾರಿಗೆ ಎಂದು ಅಪ್ಪ ಹೇಳಿರಲಿಲ್ಲ. "ಮನೇಗೆ ಒಂದಿರ್ಲಿ ಅಂತ ತಂದೆ" ಎಂದಿದ್ದ.

ನಾನು ಮಾತ್ರ ಅದನ್ನು ಕಂಡ ಗಳಿಗೆಯಲ್ಲೇ ನನ್ನದು ಮಾಡಿಕೊಂಡಿದ್ದೆ. ಆ ವರ್ಷ ನನಗೆ ಗಂಡು ನೋಡುತ್ತಿದ್ದರು. ನಮ್ಮ ಬೀದಿಯ ಸಾಕಮ್ಮ ನನ್ನ ಜೊತೆಯವಳು, ಹಿರೀಸಾವೆಗೆ ಮದುವೆಯಾಗಿ ಹೋಗಿದ್ದಳು. ಹೋಗುವಾಗ ಸೀರೆ ಕುಪ್ಪಸವನ್ನೆಲ್ಲ ಹಳೇ ದುಪ್ಪಟಿಯಲ್ಲಿ ಗಂಟು ಕಟ್ಟಿ ಕೊಟ್ಟಿದ್ದರು. ಅವಳು ಬಸ್ಸಿಳಿದು ಗಂಡನ ಮನೆ ಬಾಗಿಲಿಗೆ ಬಂದ ಕೂಡಲೇ ಅವಳ ನಾದಿನಿ, "ಹೆಣ್ ಬಂತೋ ಸಂತೆ ಗಂಟ್ ಬಂತೋ" ಎಂದಳಂತೆ. ತವರಿಗೆ ಬಂದಾಗ ಸಾಕಮ್ಮ ಇದನ್ನು ನನಗೆ ನಗುತ್ತಲೇ ಹೇಳಿದಳು. ಆಮೇಲೆ ನಗು ನಿಲ್ಲಿಸಿ ಸೆರಗಿನ ಅಂಚು ಕಚ್ಚಿಕೊಂಡಳು. ನಾನು ಗಂಟು ಹೊತ್ತು ಹೋಗುವುದಿಲ್ಲ ಎಂದು ಅವತ್ತೇ ತೀರ್ಮಾನ ಮಾಡಿದ್ದೆ.

ಇಲಿ ಕಡಿದ ಚೂರುಗಳನ್ನು ನೋಡಿ ಅಪ್ಪ ನಂಜನಿಗೆ ಹೇಳಿದ:

"ಎಲ್ಡು ಪೆಟ್ಗೆ ಅವೆ. ಯಾವ್ದು ಬೇಕೋ ಅದ್ರಲ್ಲಿ ಇಟ್ಕೊ."

"ಯಾವ್ದು ಒಳ್ಳೇದಪ್ಪ?"

"ನಂಗೇನ್ ಗೊತ್ತು, ನಾನು ತಲೆ ಕೂದ್ಲು ತೆಗೆಯೋನು. ನಿಮ್ಮಕ್ಕನ್ನ ಕೇಳು. ಇಡಾದು ತೆಗ್ಯಾದು ಅವ್ಳಿಗ್ ಗೊತ್ತು."

ನಂಜ ಎರಡು ಪೆಟ್ಟಿಗೆಗಳನ್ನೂ ಎಳೆದು ತಂದು ಹಿತ್ತಲ ಬಾಗಿಲ ಬಿಸಿಲಲ್ಲಿ ಅಕ್ಕಪಕ್ಕ ಇಟ್ಟ. ಸ್ಕೂಲಿನ ಅಡಿಕೋಲು ತಂದು ಉದ್ದ ಅಗಲ ಅಳೆದ. ಪುಸ್ತಕಗಳನ್ನು ಮೊದಲು ಟ್ರಂಕಿನಲ್ಲಿ ಜೋಡಿಸಿ ನೋಡಿದ. ಅಳತೆ ಕೊಟ್ಟು ಮಾಡಿಸಿದ ಹಾಗೆ ನಾಲ್ಕು ಸಾಲು ಸರಿಯಾಗಿ ಕುಳಿತವು. ಮುಚ್ಚಳ ಹಾಕಿ ಚಿಲಕ ಸಿಕ್ಕಿಸಿದ. ಇಲಿಯ ಅಪ್ಪ ಬಂದರೂ ಆ ತಗಡಿಗೆ ಹಲ್ಲು ಹಾಕಲು ಸಾಧ್ಯವಿರಲಿಲ್ಲ. ಆಮೇಲೆ ತೆಗೆದು ಮರದ ಪೆಟ್ಟಿಗೆಯಲ್ಲಿ ಜೋಡಿಸಿದ. ಅಲ್ಲಿ ಜಾಗ ಜಾಸ್ತಿ ಇತ್ತು, ಇನ್ನೂ ಅಷ್ಟೇ ಪುಸ್ತಕ ಹಿಡಿಯುತ್ತಿತ್ತು. ನನ್ನ ಮುಖ ನೋಡಿದ.

"ಯಾವ್ದಕ್ಕ?"

ನಾನು ಮರದ ಪೆಟ್ಟಿಗೆಯ ಒಂದು ತುದಿ ಎತ್ತಿದೆ. ಪುರಿ ಮೂಟೆಯ ಹಾಗೆ ಹಗುರ. ಹಲಗೆಗೆ ಉಗುರು ಊರಿದರೆ ಗುರುತು ಬಿತ್ತು. ಬೂರುಗದ ಮರ. ಸಾಮಾನು ಕಳಿಸುವವರು ಒಂದು ಸಲ ಕಳಿಸಿ ಬಿಸಾಡಲಿಕ್ಕೆ ಮಾಡುವ ಪೆಟ್ಟಿಗೆ ಅದು. "ಬೂರುಗ ಅಂದ್ರೆ ಗೆದ್ಲಿಗೆ ಹೋಳಿಗೆ" ಎಂದು ಅವ್ವ ಹೇಳುತ್ತಿದ್ದಳು. ನಮ್ಮ ಮನೆಯಲ್ಲಿ ಬೂರುಗದ ಒಂದು ಮಣೆ ಕೂಡ ಇರಲಿಲ್ಲ. ಇಷ್ಟೂ ಆ ಕ್ಷಣ ನನ್ನ ತಲೆಯಲ್ಲಿತ್ತು. ಟ್ರಂಕಿನ ಗಿಳಿಗಳ ಮೇಲೆ ಬಿಸಿಲು ಬಿದ್ದಿತ್ತು.

"ತಗಡು ಬ್ಯಾಡ ಕಣ್ಲಾ," ಎಂದೆ. "ತಗಡು ಬೆವರ್ತದೆ. ಬೆಲ್ಲದ್ ಡಬ್ಬ ನೋಡಿಲ್ವ ನೀನು, ಒಳ್ಗೆಲ್ಲ ನೀರು? ಕಾಗ್ದ ಮೆತ್ತಗಾಗ್ಬುಡ್ತದೆ. ಮರ ಆದ್ರೆ ಉಸ್ರಾಡ್ತದೆ."

"ಔದಾ?"

"ಊಂ. ಬೇವಿನ್ ಸೊಪ್ಪು ಹಾಕಿ ಇಡು, ಒಂದ್ ಉಳಾನೂ ಬರಾಕಿಲ್ಲ."

ನೀರು ಬಿಡುವುದು ಬೆಲ್ಲ, ತಗಡಲ್ಲ. ಹನ್ನೊಂದು ವರ್ಷದ ಹುಡುಗನಿಗೆ ಅದು ಗೊತ್ತಾಗಲಿಲ್ಲ. ಅವನಿಗೆ ಗೊತ್ತಿದ್ದದ್ದು ಅಕ್ಕನಿಗೆ ಗೊತ್ತು ಎಂಬುದೊಂದೇ. ನಾನೇ ಬೇವಿನ ಸೊಪ್ಪು ತಂದು ನೆರಳಲ್ಲಿ ಒಣಗಿಸಿ ಕೊಟ್ಟೆ. ಪೆಟ್ಟಿಗೆಯ ತಳಕ್ಕೆ ಹಾಸಿದೆ, ಪುಸ್ತಕಗಳ ಮೇಲೆ ಹೊದಿಸಲು ಹಳೇ ಪಂಚೆ ಮಡಿಸಿ ಕೊಟ್ಟೆ. ಎಷ್ಟು ಅಕ್ಕರೆಯಿಂದ ಮಾಡಿದೆ ಎಂದರೆ, ಅರ್ಧ ನಾನೇ ನಂಬಿಬಿಟ್ಟಿದ್ದೆ. ನಂಜ ಪುಸ್ತಕಗಳನ್ನು ಒಂದೊಂದಾಗಿ, ಒಂದನೆಯದು ಮೇಲೆ ಬರುವ ಹಾಗೆ ನಂಬರಿನ ಪ್ರಕಾರ ಒಳಗಿಟ್ಟು, ಪೆಟ್ಟಿಗೆಯನ್ನು ರಾಗಿ ವಾಡೆಯ ಪಕ್ಕ, ಗೋಡೆಗೆ ತಾಗಿಸಿ ನೆಲಕ್ಕೆ ಇಳಿಸಿದ. ಇಳಿಸುವಾಗ ಕೇಳಿದ:

"ಕೆಳಗೆ ಕಲ್ ಇಡ್ಬೇಕೇನಕ್ಕ?"

ಅವನು ಕೇಳಿದ. ಇದನ್ನು ನಾನು ಮುಚ್ಚಿಡಬಾರದು. ಅಷ್ಟಾದರೂ ನಾನು ಸರಿಯಾಗಿ ಹೇಳಬಹುದಿತ್ತು. ಹಿತ್ತಲಲ್ಲಿ ಕಲ್ಲಿಗೇನು ಬರವಿರಲಿಲ್ಲ. ಆದರೆ ಕಲ್ಲು ಇಡು ಎಂದರೆ ಯಾಕೆ ಎನ್ನುತ್ತಾನೆ. ಗೆದ್ದಲು ಎಂದರೆ, ತಗಡಿಗೆ ಗೆದ್ದಲು ಹತ್ತುತ್ತದಾ ಎನ್ನುತ್ತಾನೆ. ಜಾಣ ಹುಡುಗ. ಅಲ್ಲಿಗೆ ಟ್ರಂಕು ಕೈಬಿಟ್ಟು ಹೋಗುತ್ತದೆ.

"ಬ್ಯಾಡ," ಎಂದೆ. "ಅಲ್ಲೇ ಇರ್ಲಿ ಬುಡು."

ಒಳಗೆ ಮಲಗಿದ್ದ ಅವ್ವನಿಗೆ ಇದೊಂದೂ ಕೇಳಿಸಲಿಲ್ಲ. ಆ ದಿನಗಳಲ್ಲಿ ಅವಳು ವಾಡೆಯ ತನಕ ಎದ್ದು ಬರುವುದೇ ಅಪರೂಪವಾಗಿತ್ತು. ಸಾಯಂಕಾಲ ಅಪ್ಪ ಬಂದು ಖಾಲಿ ಬಿದ್ದಿದ್ದ ಟ್ರಂಕು ನೋಡಿ, "ಅಂಗಾರೆ ಇದು ಜಯಂಗಾಯ್ತು" ಎಂದು ನನ್ನ ಕಡೆ ನೋಡಿದ. ನಾನು ತಲೆ ಬಗ್ಗಿಸಿಕೊಂಡೆ. ಹುಡುಗಿ ನಾಚಿಕೊಂಡಳು ಎಂದು ಅವನು ನಕ್ಕ.

ಮಾರನೇ ವರ್ಷವೂ ಪೆಟ್ಟಿಗೆ ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ನಂಜನಿಗೆ ಹಾಸನದ ಉಚಿತ ಹಾಸ್ಟೆಲಿನಲ್ಲಿ ಸೀಟು ಸಿಕ್ಕಿತು. ಬೇರೆ ಹುಡುಗರು ಟ್ರಂಕು ತರುತ್ತಾರೆಂದು ಅವನಿಗೂ ಗೊತ್ತಿತ್ತು. ಕೇಳಲಿಲ್ಲ. ಅದರಲ್ಲಿ ಆಗಲೇ ನನ್ನ ಎರಡು ಹೊಸ ಸೀರೆ ಇದ್ದವು. ಚೀಲದಲ್ಲಿ ಬಟ್ಟೆ ತುಂಬಿಕೊಂಡು ಬಸ್ ಹತ್ತುವಾಗ ಒಂದೇ ಮಾತು ಹೇಳಿದ: "ತಿಂಗಳಿಗೊಂದ್ ಸಲ ಸೊಪ್ಪು ಬದ್ಲಾಯ್ಸಕ್ಕ." ಆಯಿತು ಎಂದೆ. ಎರಡು ತಿಂಗಳು ಬದಲಾಯಿಸಿದೆ. ಮೂರನೆಯ ಸಲ ಪೆಟ್ಟಿಗೆಯನ್ನು ಸ್ವಲ್ಪ ಎಳೆದಾಗ ಹಿಂಬದಿಯ ಹಲಗೆಯ ಮೇಲೆ ಗೋಡೆಯಿಂದ ಹೊರಟ ಒಂದು ಮಣ್ಣಿನ ಗೆರೆ ಕಂಡಿತು. ಬೆರಳಗಲವೂ ಇರಲಿಲ್ಲ; ಹಸಿ ಮಣ್ಣು, ಗೆದ್ದಲಿನ ದಾರಿ. ಆಗಲೂ ತಡವಾಗಿರಲಿಲ್ಲ. ಪುಸ್ತಕಗಳನ್ನು ಹೊರಗೆ ತೆಗೆದು ಒದರಿ ಬಿಸಿಲಿಗೆ ಹರವಿದ್ದರೆ ಉಳಿಯುತ್ತಿದ್ದವು. ಉಳಿದರೆ ಎಲ್ಲಿ ಇಡಬೇಕು ಎಂಬ ಪ್ರಶ್ನೆ ಮತ್ತೆ ಬರುತ್ತಿತ್ತು. ಅರಕಲಗೂಡಿನ ಗಂಡಿನ ಕಡೆಯವರು ಬಂದು ನನ್ನನ್ನು ನೋಡಿ ಒಪ್ಪಿ ಹೋಗಿ ಎಂಟು ದಿನವಾಗಿತ್ತು. ನಾನು ಒದ್ದೆ ಬಟ್ಟೆಯಲ್ಲಿ ಆ ಗೆರೆಯನ್ನು ಒರೆಸಿದೆ. ಪೆಟ್ಟಿಗೆಯನ್ನು ಮತ್ತೆ ಗೋಡೆಗೆ ಒತ್ತಿದೆ. ಮುಚ್ಚಳ ತೆಗೆಯಲಿಲ್ಲ. ಆಮೇಲೆ ಒಂದು ದಿನವೂ ತೆಗೆಯಲಿಲ್ಲ.

ಮದುವೆಗೆ ನಂಜ ನಾಲ್ಕು ದಿನ ರಜ ಹಾಕಿ ಬಂದಿದ್ದ. ಆ ಗದ್ದಲದಲ್ಲಿ ಪೆಟ್ಟಿಗೆಯ ಮೇಲೆ ಅಕ್ಕಿ ಮೂಟೆ, ಎಲೆ ಕಟ್ಟು ಹೇರಿದ್ದರು. ಅವನು ಅದನ್ನು ತೆಗೆಯುವ ಹಾಗಿರಲಿಲ್ಲ. ನಾನು ಹೊರಡುವ ಬೆಳಿಗ್ಗೆ ಟ್ರಂಕನ್ನು ಬೇರೆಯವರು ಮುಟ್ಟಲು ಬಿಡದೆ ತಾನೇ ತಲೆಯ ಮೇಲೆ ಹೊತ್ತುಕೊಂಡ. ಮನೆಯಿಂದ ಬಸ್ ಸ್ಟ್ಯಾಂಡಿನ ತನಕ ನನ್ನ ಮುಂದೆ ನಡೆದ. ನಡುವೆ ತಿರುಗದೆಯೇ ಹೇಳಿದ:

"ಏನಕ್ಕ ಇಂಗ್ ಭಾರ ಐತೆ? ನನ್ ಪುಸ್ತಕ್ವೆಲ್ಲ ತುಂಬ್ಕೊಂಡ್ ಓಯ್ತಿದ್ದೀಯ?"

ಪಕ್ಕದಲ್ಲಿದ್ದವರೆಲ್ಲ ನಕ್ಕರು. ತವರು ಬಿಡುವ ಹೆಣ್ಣು ಅಳುವುದು ರೂಢಿ, ಹಾಗಾಗಿ ನಾನು ಅತ್ತದ್ದನ್ನು ಯಾರೂ ವಿಶೇಷ ಎಂದುಕೊಳ್ಳಲಿಲ್ಲ. ಅರಕಲಗೂಡಿನಲ್ಲಿ ಇಳಿದಾಗ ಅತ್ತೆ ಟ್ರಂಕಿನ ಗಿಳಿಗಳನ್ನು ಮುಟ್ಟಿ ನೋಡಿ, "ಲಕ್ಷಣವಾಗದೆ" ಎಂದರು. ನಾನು ಬಯಸಿದ್ದ ಮಾತು ಅದೇ. ಅಷ್ಟೇ ಮಾತು.

ಯುಗಾದಿಗೆ ತವರಿಗೆ ಹೋದೆ. ನಂಜನೂ ಬಂದಿದ್ದ. ನಾನು ಕಾಲು ತೊಳೆದು ಒಳಗೆ ಹೋಗುವಷ್ಟರಲ್ಲಿ ಅವನು ಪೆಟ್ಟಿಗೆಯ ಮುಂದೆ ಕುಳಿತಿದ್ದ. ಮುಚ್ಚಳ ತೆಗೆದ. ಮೇಲಿನ ಪಂಚೆ ಹಾಗೇ ಇತ್ತು. ಪಂಚೆಯ ಕೆಳಗೆ ಒಂದನೇ ನಂಬರಿನ ರಟ್ಟು, ಅವನ ಕೈಬರಹ, ಎಲ್ಲ ಸರಿಯಾಗಿ ಇದ್ದ ಹಾಗೆ ಕಂಡಿತು. ನನಗೊಂದು ಕ್ಷಣ ದೇವರು ಕಾಪಾಡಿದ ಎನ್ನಿಸಿತು. ಅವನು ರಟ್ಟಿನ ಎರಡು ಅಂಚು ಹಿಡಿದು ಎತ್ತಿದ. ರಟ್ಟು ಮಾತ್ರ ಕೈಗೆ ಬಂತು. ಕೆಳಗೆ ಮೂವತ್ತೊಂಬತ್ತು ಪುಸ್ತಕ ಇರಬೇಕಾದ ಕಡೆ ಕೆಂಪು ಮಣ್ಣಿನ ಒಂದು ಗುಡ್ಡೆ, ಅದರಲ್ಲಿ ಅಲ್ಲಲ್ಲಿ ಸಿಕ್ಕಿಕೊಂಡ ಬಣ್ಣದ ಕಾಗದದ ಚೂರು. ಒಂದು ಚೂರಿನಲ್ಲಿ ಕುದುರೆಯ ಕಾಲು ಇತ್ತು.

ನಂಜ ಅಳಲಿಲ್ಲ. ಆ ರಟ್ಟನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದ. ಆಮೇಲೆ ನನ್ನ ಕಡೆ ತಿರುಗಿದ.

"ನಂದೇ ತಪ್ಪು ಕಣಕ್ಕ," ಎಂದ. "ನಿಂಗೆ ಸೊಪ್ಪು ಬದ್ಲಾಯ್ಸು ಅಂದಿದ್ದೆ. ನೀನ್ ಗಂಡನ್ ಮನೆಗ್ ಓದ್ಮೇಲೆ ನಾನು ಅಪ್ಪಂಗಾದ್ರೂ ಹೇಳ್ಬೇಕಿತ್ತು. ಮರ್ತ್ಬುಟ್ಟೆ."

ನಾನು ಬಗ್ಗಿ ಮಣ್ಣಿನಿಂದ ಚೂರುಗಳನ್ನು ಆರಿಸತೊಡಗಿದೆ.

ಅವ್ವ ಗೋಡೆ ಹಿಡಿದುಕೊಂಡು ನಿಧಾನವಾಗಿ ಬಂದಳು. ಪೆಟ್ಟಿಗೆಯ ಪಕ್ಕ ಕುಕ್ಕರಗಾಲಲ್ಲಿ ಕುಳಿತಳು. ಹಲಗೆಗೆ ಹೆಬ್ಬೆರಳ ಉಗುರು ಊರಿ ನೋಡಿದಳು. ಪೆಟ್ಟಿಗೆಯ ಅಡಿಯಲ್ಲಿ ಕೈ ತೂರಿಸಿ ತಡಕಿದಳು, ಕಲ್ಲು ಇದೆಯೇ ಎಂದು. ಆಮೇಲೆ ನನ್ನನ್ನು ನೋಡಿದಳು. ಬೈದಿದ್ದರೆ ಚೆನ್ನಾಗಿತ್ತು. ಉಬ್ಬಸಕ್ಕೆ ಅವಳ ಎದೆ ಏರಿ ಇಳಿಯುತ್ತಿತ್ತು. "ಎದ್ದು ಕೈ ತೊಳ್ಕಳಿ ಇಬ್ರೂವೆ, ಬೇವು ಬೆಲ್ಲ ತಿನ್ನುವ್ರಿ" ಎಂದಳು. ಅವ್ವ ಸಾಯುವತನಕ ಈ ವಿಷಯ ಎತ್ತಲಿಲ್ಲ. ಅವಳ ನಾಡಹೆಂಚಿನ ಮನೆಯಲ್ಲಿ ಕೆಡದಂತೆ ಇಟ್ಟ ಕೊನೆಯ ವಸ್ತು ಬಹುಶಃ ನನ್ನ ಈ ಗುಟ್ಟು.

ನಂಜ ಆಮೇಲೆ ಏನನ್ನೂ ಕೂಡಿಡಲಿಲ್ಲ. ಓದಿದ, ಹೊಳೆನರಸೀಪುರದಲ್ಲಿ ಗುಮಾಸ್ತನಾದ, ಮದುವೆಯಾದ. ಅವನ ಮನೆಯಲ್ಲಿ ಏನನ್ನು ಎಲ್ಲಿ ಇಡಬೇಕಾದರೂ ನನಗೆ ಕಾಗದ ಬರೆಯುತ್ತಿದ್ದ, ಆಮೇಲೆ ಫೋನು ಮಾಡುತ್ತಿದ್ದ. ರೇಷ್ಮೆ ಸೀರೆಗೆ ನುಸಿ ಗುಳಿಗೆ ಹಾಕಬಹುದೇ, ಮನೆ ಪತ್ರಗಳನ್ನು ಯಾವುದರಲ್ಲಿ ಸುತ್ತಬೇಕು. ಹೆಂಡತಿಗೂ ಮಕ್ಕಳಿಗೂ, "ನಮ್ಮಕ್ಕನ್ನ ಕೇಳಿ, ಅವ್ಳು ಇಟ್ಟಿದ್ ಕೆಡಲ್ಲ" ಎನ್ನುತ್ತಿದ್ದನಂತೆ. ಪ್ರತಿ ಸಲವೂ ಸರಿಯಾದ ಉತ್ತರವನ್ನೇ ಕೊಟ್ಟಿದ್ದೇನೆ. ಅದರಿಂದ ನನ್ನ ಭಾರ ಏನೂ ಇಳಿಯಲಿಲ್ಲ. ಟ್ರಂಕು ನನ್ನ ಮಂಚದ ಕೆಳಗೇ ಇದೆ. ಗಿಳಿಗಳ ಬಣ್ಣ ಹೋಗಿದೆ. ಒಳಗೆ ಒಂದು ದಿನವೂ ಒಂದು ಹನಿ ನೀರು ಕಂಡಿಲ್ಲ.

ಹೋದ ತಿಂಗಳು ಒಂದು ಬೆಳಿಗ್ಗೆ ಅವನ ಫೋನು ಬಂತು.

"ಅಕ್ಕ, ಮೊಮ್ಮಗ ಕಾಮಿಕ್ಸ್ ಪುಸ್ತಕ ಗುಡ್ಡೆ ಹಾಕ್ಕೊಂಡವ್ನೆ. ಯಾರ್ನೂ ಮುಟ್ಟಕ್ ಬುಡಾಕಿಲ್ಲ. ಯಾತ್ರಲ್ಲಿ ಇಡ್ಲಿ? ರಟ್ಟಿನ್ ಬಾಕ್ಸ್ ಐತೆ, ಮರದ್ ಪೆಟ್ಗೆ ಐತೆ, ಒಂದು ಹಳೇ ಟ್ರಂಕೂ ಐತೆ."

"ಟ್ರಂಕಲ್ಲಿ ಇಡು," ಎಂದೆ.



"ತಗಡು ಬೆವರ್ತದೆ ಅಂದಿದ್ದೆ ಕಣಕ್ಕ ನೀನು."

ಅರವತ್ತು ವರ್ಷ ಆ ಮಾತನ್ನು ಅವನು ಹಾಗೇ ಇಟ್ಟುಕೊಂಡಿದ್ದ. ಒಂದಕ್ಷರ ಕೆಟ್ಟಿರಲಿಲ್ಲ.

"ಬೆವರಾಕಿಲ್ಲ ಕಣ್ಲಾ ನಂಜ," ಎಂದೆ. "ಅವತ್ತೂ ಬೆವರ್ತಿರ್ನಿಲ್ಲ."

ಆ ಕಡೆಯಿಂದ ಬೀದಿಯ ಬಸ್ಸಿನ ಹಾರ್ನ್ ಕೇಳಿಸಿತು. ಒಳಗೆಲ್ಲೋ ಮಗು ತಾತನನ್ನು ಕೂಗುತ್ತಿತ್ತು. 

"ಕೆಳಗೆ ಕಲ್ ಇಡ್ಬೇಕೇನಕ್ಕ?"

"ತಗಡಿಗೆ ಬ್ಯಾಡ," ಎಂದೆ. "ಮರಕ್ಕೆ ಬೇಕಿತ್ತು."

ಅವನು ಫೋನು ಇಡಲಿಲ್ಲ. ನಾನೂ ಇಡಲಿಲ್ಲ.